ಶಿಫಾರಸು ಮಾಡಲಾಗುವುದು

ನಾನು ತಲೆಯ ಮೇಲೆ ಕೂರುವವರ ಪೈಕಿ. ಚಪ್ಪಲಿ, ಕುರ್ಚಿ, ಸೈಕಲ್ಲು ಮುಂತಾದವು ತಮ್ಮ ಯಜಮಾನರನ್ನು ಕೆಳಗಿನಿಂದ ನೋಡುತ್ತ ಬಾಳುತ್ತವೆ. ಅದಕ್ಕೇ ಇರಬೇಕು, ಅವು ತಮ್ಮ ಕತೆ ಹೇಳತೊಡಗಿದರೆ ಅರ್ಧಕ್ಕರ್ಧ ಅಳುವೇ ಇರುತ್ತದೆ. ನನ್ನಿಂದ ಅದನ್ನು ನಿರೀಕ್ಷಿಸಬೇಡಿ. ನಾನು ಒಂದು ಹೆಡ್‌ಫೋನ್. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಜನರ ನೆತ್ತಿಯ ಮೇಲೆ ಕೂತು, ಅವರ ಎರಡೂ ಕಿವಿ ಹಿಡಿದು, ಅವರು ಹಿಂದೆಂದೂ ಕೇಳಿರದ ಸಂಗೀತವನ್ನು ಒಳಗೆ ಬಿಟ್ಟವನು. ಇವನಿಗೆ ಸ್ವಲ್ಪ ಜಂಬ ಎಂದು ನಿಮಗೆ ಅನಿಸಿದರೆ ಅನಿಸಲಿ, ಅದು ಸುಳ್ಳೇನಲ್ಲ.

ನಾನು ಹುಟ್ಟಿದ್ದು ೧೯೮೪ರಲ್ಲಿ, ಜಪಾನಿನ ಒಂದು ಕಾರ್ಖಾನೆಯಲ್ಲಿ. ಉಕ್ಕಿನ ಪಟ್ಟಿಯನ್ನು ಬಗ್ಗಿಸಿ ನನ್ನ ಬೆನ್ನು ಮಾಡಿದರು. ಕೂದಲಿಗಿಂತ ತೆಳುವಾದ ತಾಮ್ರದ ತಂತಿ ಸುತ್ತಿ ಎರಡು ಬಟ್ಟಲುಗಳಲ್ಲಿ ಇಟ್ಟರು. ಕಪ್ಪು ರೆಕ್ಸಿನ್ನಿನ ಮೆತ್ತೆ ಹೊದಿಸಿದರು. ಸುರುಳಿ ಸುರುಳಿಯಾದ ಉದ್ದನೆಯ ವೈರು, ಅದರ ತುದಿಗೆ ಕಿರುಬೆರಳಿನಷ್ಟು ದಪ್ಪದ ಪಿನ್ನು. ಎಲ್ಲ ಮುಗಿದ ಮೇಲೆ ನರೆಗೂದಲಿನ ಹೆಂಗಸೊಬ್ಬಳು ನನ್ನನ್ನು ತಲೆಗೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಏನೋ ಕೇಳಿ, ಒಮ್ಮೆ ತಲೆದೂಗಿ ಪೆಟ್ಟಿಗೆಗೆ ಹಾಕಿದಳು. ದಿನಕ್ಕೆ ಇನ್ನೂರು ಹೆಡ್‌ಫೋನ್ ನೋಡುವವಳಂತೆ ಅವಳು. ಆದರೂ ಆ ತಲೆದೂಗುವಿಕೆ ನನಗೊಬ್ಬನಿಗೇ ಸಿಕ್ಕಿದ್ದು ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಸಿಂಗಾಪುರದ ಅಂಗಡಿಯೊಂದರಲ್ಲಿ ನನ್ನನ್ನು ಕೊಂಡವನು ಬೊನಿಫಾಸ್. ಸರಕು ಹಡಗೊಂದರಲ್ಲಿ ಅಡುಗೆ ಮಾಡುವವನು, ಮಂಗಳೂರಿನವನು. ಕೊಂಡದ್ದು ತನಗಲ್ಲ, ಅಕ್ಕನಿಗೆ. ಅಕ್ಕನ ಹೆಸರು ಸೆವ್ರಿನ್. ಊರವರ ಬಾಯಲ್ಲಿ ಸೆವ್ರಿನ್‌ಬಾಯಿ, ಎದುರು ನಿಂತು ಕರೆಯುವಾಗ ಬಾಯಮ್ಮ. ಟೈಪಿಸ್ಟ್ ಕೆಲಸ ಬಿಟ್ಟು, ಬಂದರಿನ ಹತ್ತಿರದ ಗಲ್ಲಿಯಲ್ಲಿ ಒಂದು ಕ್ಯಾಸೆಟ್ ಅಂಗಡಿ ತೆರೆದಿದ್ದಳು. ಮದುವೆಯಾಗಿರಲಿಲ್ಲ. ಆಗಲಿಲ್ಲ ಎಂಬ ಬೇಸರವೂ ಅವಳಿಗೆ ಇರಲಿಲ್ಲ.

ಅಂಗಡಿ ನಡೆಯುತ್ತಿದ್ದದ್ದು ಸಿನಿಮಾ ಹಾಡು, ಭಕ್ತಿಗೀತೆ, ಯಕ್ಷಗಾನದ ಕ್ಯಾಸೆಟ್ಟುಗಳಿಂದ. ಆದರೆ ಅವಳ ಜೀವ ಇದ್ದದ್ದು ಎಡಗಡೆ ಗೋಡೆಯ ಒಂದು ಶೆಲ್ಫಿನಲ್ಲಿ. ಬೊನಿಫಾಸ್ ಯಾವ ಬಂದರಿಗೆ ಹೋದರೂ ಒಂದು ಕ್ಯಾಸೆಟ್ ಅಂಗಡಿ ಹುಡುಕಿ, "ನಿಮ್ಮೂರಿನಲ್ಲಿ ಯಾರಿಗೂ ಗೊತ್ತಿಲ್ಲದ್ದು ಕೊಡಿ" ಎಂದು ಕೇಳಿ ತರುತ್ತಿದ್ದ. ಅಕ್ಕನ ಅಪ್ಪಣೆ ಹಾಗಿತ್ತು. ಹಾಗೆ ಬಂದವುಗಳನ್ನು ಅವಳು ಎರಡು ಸಾಲಾಗಿ ಜೋಡಿಸಿದ್ದಳು. ಮೇಲಿನ ಸಾಲಿಗೆ 'ಕರೆಂಟಿನದು' ಎಂದು ಚೀಟಿ. ಅದರಲ್ಲಿ ತಬಲ ಇಲ್ಲ, ಪಿಟೀಲು ಇಲ್ಲ, ಎಲ್ಲವೂ ಯಂತ್ರದಿಂದ ಹುಟ್ಟಿದ ನಾದ. ಕೆಳಗಿನ ಸಾಲಿಗೆ 'ಸ್ವಂತದ್ದು' ಎಂದು ಚೀಟಿ. ಯಾವ ಕಂಪನಿಯ ಹಂಗೂ ಇಲ್ಲದೆ, ತಮ್ಮ ಮನೆಯಲ್ಲೇ ಹಾಡಿ, ತಾವೇ ಕ್ಯಾಸೆಟ್ ತುಂಬಿಸಿ ಮಾರಿದವರು ಅದರಲ್ಲಿದ್ದರು. ಈ ಶೆಲ್ಫಿನ ಕ್ಯಾಸೆಟ್ಟುಗಳನ್ನು ಅವಳು ಮಾರುತ್ತಿರಲಿಲ್ಲ. ವಾರದ ಮಟ್ಟಿಗೆ ಕೊಟ್ಟು, ಕೇಳಿಸಿ, ವಾಪಸು ಪಡೆಯುತ್ತಿದ್ದಳು.

ಮೊದಲ ದಿನ ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನನ್ನು ಧರಿಸಿದಳು. ಕ್ಯಾಸೆಟ್ಟಿನ ಒಂದು ಮಗ್ಗುಲು ಪೂರ್ತಿ ಅಲುಗಾಡದೆ ಕೂತಳು. ಹಾಡು ಮುಗಿಯುವ ಮೊದಲು ನನ್ನನ್ನು ಕೆಳಗಿಡುವುದು ಅವಳ ಪಾಲಿಗೆ ಎದುರು ಕೂತು ಮಾತಾಡುವವರ ಬಾಯಿ ಮುಚ್ಚಿಸಿದ ಹಾಗೆ. ಇಂಥ ತಲೆ ನನಗೆ ಸಿಕ್ಕಿತಲ್ಲ ಎಂದು ನಾನು ಬೀಗಿದೆ.

ಅವಳ ಶಿಫಾರಸಿನ ಕ್ರಮವೇ ಬೇರೆ. ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ ನನ್ನನ್ನು ತೊಡಿಸುವಳು. ಹಾಡಿದವರು ಯಾರು, ಯಾವ ದೇಶ, ಒಂದೂ ಹೇಳುವವಳಲ್ಲ. ಹಾಡು ಮುಗಿದ ಮೇಲೆ ಒಂದೇ ಪ್ರಶ್ನೆ: "ಎಂಥ ಕಂಡಿತು?" ಚೆನ್ನಾಗಿತ್ತಾ ಎಂದು ಕೇಳಿದರೆ ಜನ ಮರ್ಯಾದೆಗೆ ಹೌದು ಎನ್ನುತ್ತಾರೆ, ಎಂಥ ಕಂಡಿತು ಎಂದರೆ ಸುಳ್ಳು ಹೇಳಲು ಹೊಳೆಯುವುದಿಲ್ಲ. ಆ ಉತ್ತರದ ಮೇಲೆ ಮುಂದಿನ ಕ್ಯಾಸೆಟ್ ಯಾವುದೆಂದು ಅವಳು ನಿರ್ಧರಿಸುತ್ತಿದ್ದಳು.

ಆದರೆ ಮೊದಲೆರಡು ವರ್ಷ ಉತ್ತರ ಹೇಳುವವರೇ ಇರಲಿಲ್ಲ. ಕೂತವರು ಅರ್ಧ ನಿಮಿಷಕ್ಕೆ ನನ್ನನ್ನು ಕಿತ್ತು, "ಬಾಯಮ್ಮ, ನಿಮ್ಮ ಟೇಪು ಹಾಳಾಗಿದೆ" ಎನ್ನುತ್ತಿದ್ದರು. ಇಗರ್ಜಿಯ ಕ್ವಾಯರ್ ಮಾಸ್ಟರು, "ಇದು ಸಂಗೀತ ಅಲ್ಲ ಸೆವ್ರಿನ್, ಮಿಕ್ಸಿ" ಎಂದು ಮೂಗು ಮುರಿದರು. ನನಗೆ ಸಿಟ್ಟು ಬರುತ್ತಿತ್ತು. ಅವಳಿಗೆ ಬೇಸರವಾಗುತ್ತಿತ್ತು, ಆದರೆ ಶೆಲ್ಫಿನ ಧೂಳು ಒರೆಸುವುದನ್ನು ಮಾತ್ರ ಒಂದು ದಿನವೂ ಬಿಡಲಿಲ್ಲ.

ಜನರನ್ನು ಸೆಳೆಯಲೆಂದು ಅವಳು ಬೋರ್ಡು ಬರೆಸಿದ್ದಳು: 'ಹೊಸ ಸಂಗೀತ ಕೇಳಿ', ಅದರ ಕೆಳಗೆ 'ಶಿಫಾರಸು ಮಾಡಲಾಗುವುದು'. ಪಕ್ಕದ ಜವಳಿ ಅಂಗಡಿಯವರು ಮಳೆಗಾಲಕ್ಕೆ ಕಟ್ಟಿದ ತಾಡಪಾಲು ಬೋರ್ಡಿನ ಮೇಲರ್ಧವನ್ನು ಮುಚ್ಚಿತ್ತು. ಮಳೆ ಹೋದರೂ ಅದು ಹೋಗಲಿಲ್ಲ. ಬೀದಿಯಲ್ಲಿ ನಡೆಯುವವರಿಗೆ ಕಾಣುತ್ತಿದ್ದದ್ದು ಕೆಳಗಿನ ಸಾಲು ಮಾತ್ರ. ಶಿಫಾರಸು ಎಂದರೆ ಈ ನಾಡಿನಲ್ಲಿ ಏನು ಅರ್ಥ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅದರ ಮೇಲೆ ಸೆವ್ರಿನ್‌ಬಾಯಿಯ ತಮ್ಮ ಹಡಗಿನಲ್ಲಿದ್ದಾನೆ ಎಂಬುದು ಬಂದರಿಗೆಲ್ಲ ಗೊತ್ತಿದ್ದ ವಿಷಯ.

೧೯೮೭ರ ಒಂದು ಶನಿವಾರ ಮಧ್ಯಾಹ್ನ ಒಬ್ಬ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಕಂಕುಳಲ್ಲಿ ಸರ್ಟಿಫಿಕೇಟುಗಳ ಫೈಲು. ಹೆಸರು ದೇಜಪ್ಪ, ದೋಣಿಗಳು ಬಂದು ತಂಗುವ ಮೀನುಗಾರರ ಧಕ್ಕೆಯ ಐಸ್ ಪ್ಲಾಂಟಿನಲ್ಲಿ ಮೆಕ್ಯಾನಿಕ್.

"ಬಾಯಮ್ಮ, ಶಿಫಾರಸಿಗೆ ಬಂದದ್ದು" ಎಂದ.

ಸೆವ್ರಿನ್‌ಬಾಯಿಯ ಮುಖ ಅರಳಿತು. ಎರಡು ವರ್ಷದಲ್ಲಿ ತಾನಾಗಿ ಬಾಯಿಬಿಟ್ಟು ಶಿಫಾರಸು ಕೇಳಿದವನು ಇವನೇ ಮೊದಲು. "ಕೂತುಕೊಳ್ಳಿ, ಕೂತುಕೊಳ್ಳಿ. ಮೊದಲೇ ಹೇಳ್ತೇನೆ, ಹೆಸರು ಊರು ಎಂಥದ್ದೂ ಕೇಳಬಾರದು. ಪೂರ್ತಿ ಮುಗಿದ ಮೇಲೆ ಮಾತು."

ಅವನು ಫೈಲನ್ನು ತೊಡೆಯ ಮೇಲಿಟ್ಟು ನೆಟ್ಟಗೆ ಕೂತ. ನಾನು ಅವನ ತಲೆ ಏರಿದೆ. ಕಣತಲೆಯಲ್ಲಿ ರಕ್ತ ಡವಡವ ಎನ್ನುತ್ತಿತ್ತು. ಹಾಡು ಕೇಳುವವರ ಎದೆ ಹಾಗೆ ಹೊಡೆದುಕೊಳ್ಳುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹ್ಯಾಂಬರ್ಗಿನಿಂದ ಬಂದ 'ಕರೆಂಟಿನದು' ಒಂದನ್ನು ಅವಳು ಹಾಕಿದಳು. ಅವನು ಕಣ್ಣು ನೆಲಕ್ಕೆ ನೆಟ್ಟು, ಬೆರಳಿನಿಂದ ಮೊಣಕಾಲ ಮೇಲೆ ಏನೋ ಲೆಕ್ಕ ಹಾಕುತ್ತ, ಏಳು ನಿಮಿಷ ಉಸಿರು ಬಿಗಿಹಿಡಿದು ಕೇಳಿದ. ನನ್ನ ಜನ್ಮ ಸಾರ್ಥಕವಾಯಿತು ಎಂದುಕೊಂಡೆ.

"ಎಂಥ ಕಂಡಿತು?"

"ಎರಡು ಕಂಪ್ರೆಸರ್ ಉಂಟು ಬಾಯಮ್ಮ" ಎಂದ ದೇಜಪ್ಪ, ಹಣೆಯ ಬೆವರು ಒರೆಸುತ್ತ. "ಒಂದು ಸರಿ ಉಂಟು. ಇನ್ನೊಂದರ ಬೇರಿಂಗ್ ಹೋಗಿದೆ. ಮೂರನೇ ನಿಮಿಷಕ್ಕೆ ಕೆರೆಯಲಿಕ್ಕೆ ಸುರು ಮಾಡಿತಲ್ಲ, ಅದು. ಕೂಡಲೇ ನಿಲ್ಲಿಸಿ ಗ್ರೀಸ್ ಹಾಕದಿದ್ರೆ ಜಾಮ್ ಆಗ್ತದೆ."

ಸೆವ್ರಿನ್‌ಬಾಯಿ ಟೇಪು ನಿಲ್ಲಿಸಿದಳು.

"ನಾನು ಪಾಸಾ ಬಾಯಮ್ಮ?"

"ಎಂಥದಕ್ಕೆ ಪಾಸು?"

"ಹಡಗಿನ ಇಂಜಿನ್ ರೂಮಿನ ಕೆಲಸಕ್ಕೆ. ಬೋರ್ಡು ಹಾಕಿದ್ದೀರಲ್ಲ?"

ಅವಳು ಹೊರಗೆ ಹೋಗಿ ಬೀದಿಯ ಆಚೆ ಬದಿಯಲ್ಲಿ ನಿಂತು ತನ್ನ ಬೋರ್ಡನ್ನು ನೋಡಿದಳು. ಬೋರ್ಡು ಹಾಕಿದ ಮೇಲೆ ಅದನ್ನು ಅಲ್ಲಿಂದ ನೋಡಿದ್ದು ಅದೇ ಮೊದಲು. ವಾಪಸು ಬಂದವಳು ಮೇಜು ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ದೇಜಪ್ಪ ಫೈಲು ಎತ್ತಿಕೊಂಡು ಎದ್ದುನಿಂತ. ಅವನ ಕಿವಿಗಳು ಕೆಂಪಾಗಿ ಬಿಸಿಯೇರಿದ್ದು ಇನ್ನೂ ಅವನ ತಲೆಯ ಮೇಲೇ ಇದ್ದ ನನಗೆ ತಿಳಿಯುತ್ತಿತ್ತು.

"ಬೇಸರ ಮಾಡಬೇಡಿ" ಎಂದಳು ಅವಳು. "ಹಡಗಿನಲ್ಲಿ ನನ್ನ ಮಾತು ನಡೆಯುದಿಲ್ಲ. ನನ್ನ ತಮ್ಮ ಅಲ್ಲಿ ಈರುಳ್ಳಿ ಹೆಚ್ಚುವವ. ಆದ್ರೆ ಒಂದು ಹೇಳ್ತೇನೆ, ನಿಮ್ಮ ಹಾಗೆ ಇದನ್ನು ಕೇಳಿದವರು ಈ ಊರಲ್ಲಿ ಯಾರೂ ಇಲ್ಲ."

ಅವನು ನನ್ನನ್ನು ತೆಗೆದು ಮೆತ್ತಗೆ ಮೇಜಿನ ಮೇಲಿಟ್ಟು ಬಾಗಿಲವರೆಗೆ ಹೋದ. ಅಲ್ಲಿ ನಿಂತ.

"ಅದು ಕೊನೆಗೆ ಜಾಮ್ ಆಯ್ತಾ?"

"ಇಲ್ಲ ಮಾರಾಯ್ರೆ, ಅದು ಪದ್ಯ. ಅದು ಹಾಗೆಯೇ ಇರುದು."

"ಇನ್ನೊಮ್ಮೆ ಕೇಳಬಹುದಾ?"

ಅಂದಿನಿಂದ ಪ್ರತಿ ಶನಿವಾರ ಅವನು ಬಂದ. ಹಡಗಿನ ಕೆಲಸ ಅವನಿಗೆ ಸಿಗಲಿಲ್ಲ, ಸಿಗಬೇಕೆಂಬ ಹಂಬಲವೂ ಕ್ರಮೇಣ ಹೋಯಿತು. ಐಸ್ ಪ್ಲಾಂಟಿನಲ್ಲಿ ಅವನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೂ ಹಿಡಿಯನ್ನು ಕಿವಿಯ ಹತ್ತಿರದ ಎಲುಬಿಗೂ ಒತ್ತಿ ಒಳಗಿನ ಸದ್ದು ಕೇಳುತ್ತಿದ್ದನಂತೆ. ಕಿವಿಯ ಕೆಲಸದಲ್ಲಿ ನನಗೆ ಇರುವ ಒಬ್ಬನೇ ದಾಯಾದಿ ಆ ಸ್ಕ್ರೂಡ್ರೈವರು. ನನ್ನ ಪಿನ್ನು ಸಡಿಲಾದಾಗ ಬೆಸುಗೆ ಹಾಕಿದವನು ಅವನೇ, ಮೆತ್ತೆ ಹರಿದಾಗ ಕೊಡೆಯ ಕಪ್ಪು ಬಟ್ಟೆ ಹೊಲಿಸಿ ತಂದವನೂ ಅವನೇ.

ಒಬ್ಬ ಪೂರ್ತಿ ಕೇಳಿದ ಎಂದು ಗೊತ್ತಾದರೆ ಇನ್ನೊಬ್ಬ ಕೂರುತ್ತಾನೆ. ಕಾಲೇಜಿನ ಉಪನ್ಯಾಸಕಿ ಒಬ್ಬರು ಕೇಳಿ, "ಖಾಲಿ ಬಸ್ಸಿನ ಹಿಂದಿನ ಸೀಟು ಕಂಡಿತು" ಎಂದರು. ಮದುವೆಯ ಕೋಟು ಹೊಲಿಯುವ ಟೈಲರು, "ಉದ್ದ ಬಟ್ಟೆಗೆ ಕತ್ತರಿ ಹೋದ ಹಾಗೆ ಕಂಡಿತು" ಎಂದ. ಸೆವ್ರಿನ್‌ಬಾಯಿ ಪ್ರತಿಯೊಬ್ಬರ ಉತ್ತರವನ್ನೂ ನೆನಪಿಟ್ಟು ಮುಂದಿನದನ್ನು ಕೊಡುವಳು, ಅದು ಅವರಿಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು. ತೊಂಬತ್ತರ ಸುಮಾರಿಗೆ ಶನಿವಾರ ಸ್ಟೂಲಿಗೆ ಸರದಿ ಹಚ್ಚುವ ಹಾಗಾಯಿತು. ಚಳಿದೇಶದ ತನ್ನ ಅಡುಗೆಮನೆಯಲ್ಲಿ ಒಂದೇ ಒಂದು ಕೀಬೋರ್ಡು ಇಟ್ಟು ಹಾಡಿದ ಹುಡುಗಿಯೊಬ್ಬಳಿಗೆ ಅವಳ ಊರಿನಲ್ಲಿ ಎಷ್ಟು ಜನ ಕೇಳುಗರಿದ್ದರೋ ಕಾಣೆ, ನಮ್ಮ ಗಲ್ಲಿಯಲ್ಲಿ ಮಾತ್ರ ನಲವತ್ತಮೂರು ಜನ ಇದ್ದರು. ಆ ನಲವತ್ತಮೂರು ತಲೆಗಳನ್ನೂ ನಾನು ಬಲ್ಲೆ.

ಇಷ್ಟಕ್ಕೆಲ್ಲ ಕಾರಣ ಒಂದೇ. ಸೆವ್ರಿನ್‌ಬಾಯಿ ತನಗೆ ನಿಜವಾಗಿ ಹಿಡಿಸದ್ದನ್ನು ಯಾರಿಗೂ 'ಕೇಳಿ' ಎನ್ನುತ್ತಿರಲಿಲ್ಲ. ಒಮ್ಮೆ ಬೊನಿಫಾಸ್ ತಾನೇ ಗಿಟಾರು ನುಡಿಸಿ ಹಾಡಿ ಒಂದು ಕ್ಯಾಸೆಟ್ ತುಂಬಿಸಿ ಕಳಿಸಿದ. ಅದನ್ನು 'ಸ್ವಂತದ್ದು' ಸಾಲಿನಲ್ಲಿ ಇಡಬೇಕೆಂದು ಅವನ ಆಸೆ. ಅವಳು ಪೂರ್ತಿ ಕೇಳಿ, "ಕ್ರಿಸ್ಮಸಿಗೆ ಮನೆಗೆ ಬಂದಾಗ ಹಾಡು" ಎಂದು ಕಾಗದ ಬರೆದಳು. ಹಡಗಿನಿಂದ ಶೆಲ್ಫು ತುಂಬಿಸುತ್ತಿದ್ದವನೇ ಅವನು, ಆದರೂ ಅವನ ಕ್ಯಾಸೆಟ್ಟಿಗೆ ಆ ಶೆಲ್ಫಿನಲ್ಲಿ ಜಾಗ ಸಿಗಲಿಲ್ಲ.

ಕಾಲ ಸರಿಯಿತು. ಕ್ಯಾಸೆಟ್ ಹೋಗಿ ಸೀಡಿ ಬಂತು. ದೇಜಪ್ಪನ ಮಗಳು ಹರಿಣಾಕ್ಷಿ ಆ ಶೆಲ್ಫಿನ ಕ್ಯಾಸೆಟ್ಟುಗಳನ್ನು ಕೇಳುತ್ತಲೇ ಬೆಳೆದವಳು. ಇಪ್ಪತ್ತನೇ ವಯಸ್ಸಿಗೆ ಒಂದು ಸೈಬರ್ ಕೆಫೆಯಲ್ಲಿ ಕೆಲಸಕ್ಕೆ ಸೇರಿದಳು. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅಲ್ಲಿಯ ಕಂಪ್ಯೂಟರಿನಲ್ಲೇ ಸಂಗೀತ ಮಾಡಲು ಕಲಿತು, ಆರು ಹಾಡುಗಳ ಒಂದು ಸೀಡಿ ಸಿದ್ಧಮಾಡಿದಳು. ೨೦೦೪ರ ಒಂದು ಶನಿವಾರ ದೇಜಪ್ಪ ಅವಳನ್ನು ಕರೆದುಕೊಂಡು ಬಂದ. ಅಂದೂ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ.

"ಬಾಯಮ್ಮ, ನಮ್ಮ ಹುಡುಗಿದು. ಒಂದು ಶಿಫಾರಸು ಮಾಡಬೇಕು."

ಅವನ ಬಾಯಲ್ಲಿ ಆ ಮಾತು ಈ ಸಲವೂ ಊರವರ ಅರ್ಥದಲ್ಲೇ ಬಂತು. ನನಗೆ ಅದು ಹಿಡಿಸಲಿಲ್ಲ.

ಸೆವ್ರಿನ್‌ಬಾಯಿ ಕನ್ನಡಕ ತೆಗೆದಿಟ್ಟು ನನ್ನನ್ನು ಧರಿಸಿ ಆರೂ ಹಾಡು ಕೇಳಿದಳು. ಹರಿಣಾಕ್ಷಿ ಸೀಡಿಯ ಖಾಲಿ ಡಬ್ಬಿಯನ್ನು ತೆರೆಯುತ್ತ ಮುಚ್ಚುತ್ತ ನಿಂತಿದ್ದಳು. ಆ ಹುಡುಗಿಗೆ ಬೇಕಾಗಿದ್ದದ್ದು ಈ ಒಬ್ಬ ಹೆಂಗಸಿನ ಒಂದು 'ಹೌದು'. ಸಣ್ಣಂದಿನಿಂದ ಅವಳು ಆ ಶೆಲ್ಫಿನ ಮುಂದೆ ನಿಂತು, ಅಲ್ಲಿ ತನ್ನದೊಂದು ಇರಬೇಕೆಂದು ಕನಸು ಕಂಡವಳು.

"ಎಂಥ ಕಂಡಿತು ಬಾಯಮ್ಮ?" ಎಂದು ಕೇಳಿದವನು ದೇಜಪ್ಪ.

"ನನ್ನ ಅಂಗಡಿ ಕಂಡಿತು" ಎಂದಳು ಸೆವ್ರಿನ್‌ಬಾಯಿ. ಆಮೇಲೆ ಹುಡುಗಿಯ ಕಡೆ ತಿರುಗಿ, "ತಾಳ ಸರಿ ಉಂಟು ಮಗಾ, ಸ್ವರ ಸರಿ ಉಂಟು. ಮೊದಲನೆಯ ಹಾಡು ನನ್ನ ಮೇಲಿನ ಸಾಲಿನದ್ದು, ಎರಡನೆಯದು ಕೆಳಗಿನ ಸಾಲಿನದ್ದು. ಯಾವ ಕ್ಯಾಸೆಟ್ಟು ಅಂತ ಕೂಡ ಹೇಳ್ತೇನೆ. ಇದರಲ್ಲಿ ನೀನು ಎಲ್ಲಿದ್ದಿ?"

ಹುಡುಗಿ ಖಾಲಿ ಡಬ್ಬಿಯನ್ನು ಮುಚ್ಚಿ ಮೇಜಿನ ಮೇಲಿಟ್ಟಳು.

"ಹದಿನೇಳು ವರ್ಷದ ಗುರ್ತ ಬಾಯಮ್ಮ" ಎಂದ ದೇಜಪ್ಪ.

"ಗುರ್ತಕ್ಕೆ ಊಟ ಹಾಕ್ತೇನೆ ದೇಜಪ್ಪ. ಶಿಫಾರಸು ಮಾಡುದಿಲ್ಲ."

ಅವನು ಸೀಡಿಯನ್ನು ತೆಗೆದುಕೊಂಡು ಹೊರಟೇಬಿಟ್ಟ. ಹಿಂದಿನಿಂದ ಹೊರಟ ಹರಿಣಾಕ್ಷಿಯನ್ನು ಸೆವ್ರಿನ್‌ಬಾಯಿ ತಡೆದು, ನನ್ನನ್ನು ಸೀಡಿ ಪ್ಲೇಯರಿನಿಂದ ಬಿಡಿಸಿ, ವೈರು ಸುತ್ತಿ ಅವಳ ಕೈಗೆ ಕೊಟ್ಟಳು. "ಇದು ನಿನಗೆ. ಬೇರೆಯವರ ಪದ್ಯ ಕೇಳಲಿಕ್ಕೆ ಅಲ್ಲ" ಎಂದಳು. ಹತ್ತೊಂಬತ್ತು ವರ್ಷ ಆ ತಲೆಯ ಮೇಲೆ ಬಾಳಿದವನು ನಾನು. ಒಂದು ಮಾತು ಕೇಳದೆ ಕೊಟ್ಟುಬಿಟ್ಟಳಲ್ಲ ಎಂದು ನನಗೆ ತುಂಬ ನೋವಾಯಿತು.

ದೇಜಪ್ಪ ಮತ್ತೆ ಆ ಗಲ್ಲಿಗೆ ಕಾಲಿಡಲಿಲ್ಲ. ಅಂಗಡಿಯೂ ಹೆಚ್ಚು ದಿನ ಉಳಿಯಲಿಲ್ಲ. ಎರಡು ವರ್ಷದೊಳಗೆ ಸೆವ್ರಿನ್‌ಬಾಯಿ ಶಟರು ಎಳೆದು, ಶೆಲ್ಫನ್ನು ಜೆಪ್ಪುವಿನ ತನ್ನ ಮನೆಗೆ ಸಾಗಿಸಿದಳಂತೆ. ಹರಿಣಾಕ್ಷಿಯ ಮನೆಯಲ್ಲಿ ನಾನು ಹಳೆಯ ಪೇಪರಿನಲ್ಲಿ ಸುತ್ತಿಸಿಕೊಂಡು ಅಕ್ಕಿ ಡಬ್ಬಿಯ ಮೇಲೆ ಬಿದ್ದಿದ್ದೆ. ಹುಡುಗಿ ಸಂಗೀತವನ್ನೇ ಬಿಟ್ಟಿದ್ದಳು. ನನ್ನ ಬೆನ್ನಿನ ರೆಕ್ಸಿನ್ನು ಸಿಪ್ಪೆ ಸಿಪ್ಪೆಯಾಗಿ ಉದುರಿತು. ಜಿರಳೆಯೊಂದು ಎಡಬಟ್ಟಲಿನಲ್ಲಿ ಸಂಸಾರ ಹೂಡಿತ್ತು. ಆ ವರ್ಷಗಳ ಬಗ್ಗೆ ಹೆಚ್ಚು ಹೇಳಲು ನನಗೆ ಇಷ್ಟವಿಲ್ಲ.

೨೦೦೯ರಲ್ಲಿ ಧಕ್ಕೆಯ ಆ ಐಸ್ ಪ್ಲಾಂಟನ್ನು ಮುಚ್ಚುತ್ತಾರೆ ಎಂದಾಯಿತು. ದೇಜಪ್ಪ ಊಟಕ್ಕೆ ಕೂತವನು ತಟ್ಟೆ ನೋಡುತ್ತ, "ಇನ್ನು ಒಂದು ವಾರ. ಆಮೇಲೆ ಆ ಸದ್ದು ಇಲ್ಲ" ಎಂದ. ಕೆಲಸ ಇಲ್ಲ ಎನ್ನಲಿಲ್ಲ, ಸದ್ದು ಇಲ್ಲ ಎಂದ. ಹರಿಣಾಕ್ಷಿ ತುತ್ತು ಕೈಯಲ್ಲೇ ಹಿಡಿದು ಅಪ್ಪನನ್ನು ನೋಡಿದಳು. ಮರುದಿನ ಬೆಳಿಗ್ಗೆ ಪೇಪರು ಬಿಚ್ಚಿ ನನ್ನನ್ನು ಹೊರತೆಗೆದಳು. ಜಿರಳೆ ಓಡಿತು.

ನನ್ನ ದಪ್ಪ ಪಿನ್ನಿಗೆ ಒಂದು ಸಣ್ಣ ಪಿನ್ನು ಜೋಡಿಸಿ, ಎರವಲು ತಂದ ರೆಕಾರ್ಡರಿಗೆ ನನ್ನನ್ನು ಸಿಕ್ಕಿಸಿಕೊಂಡು ಅವಳು ಅಪ್ಪನ ಜೊತೆ ಪ್ಲಾಂಟಿಗೆ ಹೋದಳು. ದೇಜಪ್ಪ ಮೊದಲು ಸ್ಕ್ರೂಡ್ರೈವರ್ ಹಚ್ಚಿ ಕೇಳಿ, "ಇಲ್ಲಿ ಹಿಡಿ" ಎನ್ನುವನು. ಅವಳು ಅಲ್ಲಿ ಮೈಕು ಹಿಡಿಯುವಳು. ಒಳಗಿನ ಹಬೆಯ ಉಸಿರು, ಬೆಲ್ಟಿನ ಥಪ್ ಥಪ್, ಐಸಿನ ಗಡ್ಡೆ ಕೊಕ್ಕೆಗೆ ಸಿಕ್ಕಿ ಸಿಮೆಂಟಿನ ಮೇಲೆ ಜಾರುವ ಸರ್ರನೆ ಸದ್ದು, ಪುಡಿ ಮಾಡುವ ಯಂತ್ರದ ಗರಗರ, ಹೊರಗೆ ಬುಟ್ಟಿ ಹಿಡಿದು ಐಸಿಗೆ ಕೂಗುವ ಹೆಂಗಸರು. ಹ್ಯಾಂಬರ್ಗು, ರಾಟರ್‌ಡ್ಯಾಮು ಎಂದು ನಾನು ಇಷ್ಟು ವರ್ಷ ಯಾವುದನ್ನು ಹೊತ್ತು ಮೆರೆದೆನೋ ಅಂಥದ್ದೇ ಒಂದು, ಅಂಗಡಿಯಿಂದ ಅರ್ಧ ಮೈಲಿ ದೂರದ ಈ ಶೆಡ್ಡಿನಲ್ಲಿ ದಿನವೂ ನುಡಿಯುತ್ತಿತ್ತು. ನನಗೆ ಅದನ್ನು ಕೇಳಿಸಿದವರಿರಲಿಲ್ಲ. ಹುಡುಗಿಯ ಕಣತಲೆಯಲ್ಲಿ ರಕ್ತ ಡವಗುಟ್ಟುತ್ತಿತ್ತು. ನನ್ನ ನೋವೆಲ್ಲ ಆ ಕ್ಷಣಕ್ಕೆ ಇಳಿಯಿತು.

ಹನ್ನೊಂದು ನಿಮಿಷದ ಒಂದು ಹಾಡು ಮಾಡಲು ಅವಳಿಗೆ ಎರಡು ವರ್ಷ ಹಿಡಿಯಿತು. ಮುಗಿದ ದಿನ ಅಪ್ಪನಿಗೆ ಹೇಳಿದಳು, ಸೆವ್ರಿನ್‌ಬಾಯಿಯ ಮನೆಗೆ ಹೋಗಬೇಕು ಎಂದು.

"ಅದೊಂದು ಬೇಡ. ಮತ್ತೊಮ್ಮೆ ಬೇಡ" ಎಂದ ದೇಜಪ್ಪ.

"ಅವರು ಅವತ್ತು ಹಾಗೆ ಹೇಳದಿದ್ರೆ ಇದು ಆಗ್ತಿತ್ತಾ ಅಪ್ಪ? ಅವರು ಬೇಡ ಅಂದ್ರೆ ನಾನು ಇದನ್ನು ಯಾರಿಗೂ ಕೇಳಿಸುದಿಲ್ಲ. ಇವತ್ತಿಗೆ ಬಿಟ್ಟೆ."

ಬೆಳಗಿನ ಹತ್ತು ಗಂಟೆಗೆ ನಾವು ಜೆಪ್ಪುವಿನ ಮನೆ ಮುಟ್ಟಿದೆವು. ದೇಜಪ್ಪ ಗೇಟಿನವರೆಗೆ ಬಂದ, ಒಳಗೆ ಬರಲಿಲ್ಲ. ಬೀದಿಯ ಕಡೆ ಮುಖ ಮಾಡಿ ನಿಂತುಬಿಟ್ಟ. ಸೆವ್ರಿನ್‌ಬಾಯಿ ಜಗಲಿಯಲ್ಲಿ ಕೂತಿದ್ದಳು. ಎಪ್ಪತ್ತು ದಾಟಿತ್ತು, ಪಕ್ಕದಲ್ಲಿ ಊರುಗೋಲು. ನನ್ನನ್ನು ನೋಡಿ, "ಓ, ಎಷ್ಟು ಬಡವಾಗಿದ್ದಿ ಮಾರಾಯ" ಎಂದಳು.

ಅವಳು ಕನ್ನಡಕ ತೆಗೆದಿಟ್ಟಳು. ನಾನು ಆ ನೆತ್ತಿಯನ್ನು ಮತ್ತೆ ಏರಿದೆ. ಕೂದಲು ತೆಳುವಾಗಿತ್ತು, ಎಣ್ಣೆಯ ಪರಿಮಳ ಮಾತ್ರ ಅದೇ. ಹರಿಣಾಕ್ಷಿ ಅಂಗೈಯಷ್ಟಗಲದ ಪ್ಲೇಯರಿನ ಗುಂಡಿ ಒತ್ತಿದಳು. ಮೊದಲು ದೂರದಿಂದ ಬೆಲ್ಟಿನ ಥಪ್ ಥಪ್. ಅದರ ಮೇಲೆ ತೆಳ್ಳಗೆ ಒಂದು ನಾದ. ಆಮೇಲೆ ಗಡ್ಡೆಗಳು ಒಂದೊಂದಾಗಿ ಜಾರಿ ತಾಳಕ್ಕೆ ಬಂದು ಕೂತವು. ಹೆಂಗಸರ ಕೂಗು ತುಂಡಾಗಿ, ಹಿಗ್ಗಿ, ಹಾಡಾಯಿತು. ನಾನು ನನ್ನ ಮುದಿ ತಂತಿಯ ಕೊನೆಯ ಕಸುವನ್ನೂ ಸುರಿದು ಕೇಳಿಸಿದೆ.

ನಾಲ್ಕನೇ ನಿಮಿಷಕ್ಕೆ ಸೆವ್ರಿನ್‌ಬಾಯಿ ಕಣ್ಣು ತೆರೆದು, ನನ್ನನ್ನು ತಲೆಯಿಂದ ತೆಗೆದಳು.

ಹರಿಣಾಕ್ಷಿಯ ಮುಖ ಬಿಳಿಚಿಕೊಂಡಿತು. ಬೊನಿಫಾಸನ ಕೆಟ್ಟ ಗಿಟಾರನ್ನು ಕೂಡ ಕೊನೆಯವರೆಗೆ ಕೇಳಿದ ಹೆಂಗಸು ಅವಳು. ಅವಳು ಹಾಡಿನ ನಡುವೆ ನನ್ನನ್ನು ತೆಗೆದದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ಅಷ್ಟು ಹೀನಾಯವೇ ಎಂದು ನಾನೂ ಕುಗ್ಗಿಹೋದೆ.

ಅವಳು ಊರುಗೋಲು ಹಿಡಿದು ಎದ್ದಳು. ಒಂದು ಕೈಯಲ್ಲಿ ನಾನು. ಪ್ಲೇಯರ್ ಹಿಡಿದ ಹರಿಣಾಕ್ಷಿ ನನ್ನ ವೈರಿನ ಎಳೆತಕ್ಕೆ ಹಿಂದೆಯೇ ಬರಬೇಕಾಯಿತು. ಮೆಟ್ಟಿಲು ಇಳಿದು, ಅಂಗಳ ದಾಟಿ, ದೇಜಪ್ಪನನ್ನೂ ದಾಟಿ ಅವಳು ಬೀದಿಗೆ ಬಂದಳು. ಮೀನು ಮಾರುವ ಬೇಬಿಯಕ್ಕ ತಲೆಯ ಮೇಲೆ ಬುಟ್ಟಿ ಹೊತ್ತು ಬರುತ್ತಿದ್ದಳು.

"ಬೇಬಿ, ನಿಲ್ಲು ಮಾರಾಯ್ತಿ. ಬುಟ್ಟಿ ಇಳಿಸು."

"ಬಂಗುಡೆ ಉಂಟು ಬಾಯಮ್ಮ, ತಾಜಾ ಉಂಟು. ಎಷ್ಟು ಕೊಡಲಿ?"

"ಮೀನು ಬೇಡ. ನೀನು ಇದನ್ನು ಕೇಳಬೇಕು. ಈಗಲೇ ಕೇಳಬೇಕು."

ಬುಟ್ಟಿ ಇಳಿಸಲು ಕೈಕೊಟ್ಟವನು ದೇಜಪ್ಪ. ಬೇಬಿಯಕ್ಕ ನಗುತ್ತ, ಸಂಕೋಚದಿಂದ ಸೆರಗಿಗೆ ಕೈ ಒರೆಸಿಕೊಂಡು ತಲೆ ಬಗ್ಗಿಸಿದಳು. ಸಿಂಬೆ ತೆಗೆದ ಜಾಗದಲ್ಲಿ ನಾನು ಕೂತೆ. ಹುಡುಗಿ ಹಾಡನ್ನು ಮೊದಲಿಂದ ಹಾಕಿದಳು.

ಮೊದಲು ಬೇಬಿಯಕ್ಕನ ನಗು ನಿಂತಿತು. ಆಮೇಲೆ ಅವಳ ಬಲಗೈ ತಾನಾಗಿ ಮುಂದೆ ಬಂತು. ಮುಷ್ಟಿಯಲ್ಲಿ ಏನನ್ನೋ ತುಂಬಿ ತುಂಬಿ ಬುಟ್ಟಿಯ ಮೇಲೆ ಚೆಲ್ಲುವ ಹಾಗೆ, ಹಾಡಿನ ತಾಳಕ್ಕೆ ಸರಿಯಾಗಿ, ಆ ಕೈ ಆಡತೊಡಗಿತು. ಐಸು ಹಾಕುವ ಕೈ ಅದು.

"ಇದು ನಮ್ಮ ಧಕ್ಕೆಯ ಐಸ್ ಪ್ಲಾಂಟ್!" ಎಂದು ಕಿರುಚಿದಳು. ನನ್ನನ್ನು ತೊಟ್ಟವರೆಲ್ಲ ಹಾಗೆಯೇ ಕಿರುಚುವುದು. "ಅದು ಬಂದ್ ಆಗಿ ಎರಡು ವರ್ಷ ಆಯ್ತಲ್ಲ ಬಾಯಮ್ಮ! ಇದು ಎಲ್ಲಿತ್ತು? ಅದು ಪದ್ಯ ಹೇಳ್ತಾ ಉಂಟಲ್ಲ! ಯಾರು ಮಾಡಿದ್ದು ಇದನ್ನು? ನಮ್ಮವರಿಗೆಲ್ಲ ಕೇಳಿಸಬೇಕು, ಎಲ್ಲಿ ಸಿಗ್ತದೆ?"

ಸೆವ್ರಿನ್‌ಬಾಯಿ ಹರಿಣಾಕ್ಷಿಯ ಬೆನ್ನ ಮೇಲೆ ಅಂಗೈ ಇಟ್ಟು ಅವಳನ್ನು ಮುಂದಕ್ಕೆ ನೂಕಿದಳು.

"ಇವಳನ್ನು ಕೇಳು" ಎಂದಳು.

ಆ ಎರಡು ಮಾತಿಗೆ ಹುಡುಗಿ ಬೀದಿಯಲ್ಲೇ ಅತ್ತುಬಿಟ್ಟಳು. ದೇಜಪ್ಪ ಮೀನಿನ ಬುಟ್ಟಿಯನ್ನು ಹಾಗೆಯೇ ಹಿಡಿದು ನಿಂತಿದ್ದ. ಸೆವ್ರಿನ್‌ಬಾಯಿ ಅವನ ಕಡೆ ನೋಡಿ, "ಊಟ ಮಾಡಿ ಹೋಗಬೇಕು ದೇಜಪ್ಪ, ಇಬ್ಬರೂ" ಎಂದಳು. ಬೇಬಿಯಕ್ಕ ಮಾತ್ರ ಹನ್ನೊಂದು ನಿಮಿಷ ಪೂರ್ತಿ ನನ್ನನ್ನು ಬಿಡಲಿಲ್ಲ. ಆಮೇಲೆ ಇನ್ನೊಮ್ಮೆ ಹಾಕಿಸಿಕೊಂಡಳು.

ಅಂದೇ ನನ್ನ ಎರಡೂ ಬಟ್ಟಲು ನಿಂತುಹೋದವು. ದೇಜಪ್ಪ ಬಿಚ್ಚಿ ನೋಡಿ, ತಂತಿ ಸುಟ್ಟಿದೆ, ಇನ್ನು ಆಗುದಿಲ್ಲ ಎಂದ. ಈಗ ನಾನು ಹರಿಣಾಕ್ಷಿಯ ಕೋಣೆಯ ಗೋಡೆಯಲ್ಲಿ ಮೊಳೆಗೆ ನೇತಾಡುತ್ತಿದ್ದೇನೆ. ಪ್ರತಿ ಭಾನುವಾರ ಬೆಳಿಗ್ಗೆ ಅವಳು ಇಂಟರ್‌ನೆಟ್ಟಿನಲ್ಲಿ ಒಂದು ಗಂಟೆ ಕೂತು, ಯಾರಿಗೂ ಗೊತ್ತಿಲ್ಲದ ಹಾಡುಗಳನ್ನು ಹುಡುಕಿ ಕೇಳಿಸುತ್ತಾಳೆ. ಕರಾವಳಿಯವರು, ಗದಗದವರು, ಶಿಲ್ಲಾಂಗಿನವರು, ದೂರದ ಚಳಿದೇಶದವರು, ಎಲ್ಲ ತಾವೇ ಮಾಡಿದ್ದನ್ನು ಅವಳಿಗೆ ಕಳಿಸುತ್ತಾರೆ. ಅವಳು 'ಕೇಳಿ' ಎಂದರೆ ಸಾವಿರಾರು ಜನ ಕೇಳುತ್ತಾರಂತೆ. ಸೆವ್ರಿನ್‌ಬಾಯಿ ತೀರಿಕೊಂಡು ಐದು ವರ್ಷವಾಯಿತು. ಕೊನೆಯ ತಿಂಗಳವರೆಗೂ ಭಾನುವಾರ ತಪ್ಪದೆ ಕೇಳಿ, ಫೋನು ಮಾಡಿ, ಹಿಡಿಸದ್ದನ್ನು ಹಿಡಿಸಲಿಲ್ಲ ಎಂದೇ ಹೇಳುತ್ತಿದ್ದಳು.

ಬೇಬಿಯಕ್ಕನ ನೆತ್ತಿಯಲ್ಲಿದ್ದ ಬಂಗುಡೆಯ ನೀರು ಅಂದು ನನ್ನ ಮೆತ್ತೆಗೆ ಇಳಿದದ್ದು ಇನ್ನೂ ಹೋಗಿಲ್ಲ. ಹರಿಣಾಕ್ಷಿ ಬಿಸಿಲಿಗೆ ಇಟ್ಟಳು, ಪೌಡರ್ ಹಾಕಿದಳು, ಹೋಗಲಿಲ್ಲ. ತಮ್ಮ ಹಾಡು ಕೇಳಿಸಲು ಬರುವ ಹೊಸಬರು ನನ್ನ ಹತ್ತಿರ ನಿಂತಾಗ ಮೂಗು ಕಿರಿದುಮಾಡಿ, "ಇದೆಂಥ ವಾಸನೆ?" ಎನ್ನುತ್ತಾರೆ. ಅವಳು ನಕ್ಕು ಆ ಬೆಳಗಿನ ಕತೆ ಹೇಳಲು ಸುರು ಮಾಡುತ್ತಾಳೆ. ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ. ಮೀನು ನಾರುವ ಹೆಡ್‌ಫೋನು ಲೋಕದಲ್ಲಿ ಇನ್ನೊಂದು ಇದ್ದರೆ ತೋರಿಸಿ, ನೋಡೋಣ.